ಜರ್ಮನಿಗೆ ಓದಲು ಬಂದಿದ್ದೇನೆ, ಕ್ಲಾಸ್ ಮುಗಿದ ಮೇಲೆ ಯಾರೂ ಸಿಗುವುದಿಲ್ಲ. ಇಲ್ಲಿ ಸ್ನೇಹ ಆಗುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ಮಾಸ್ಟರ್ಸ್ ಮಾಡಲು ಡ್ರೆಸ್ಡೆನ್‌ಗೆ ಬಂದೆ. ಓದು ಜಾಸ್ತಿ ಇದೆ, ಆದರೆ ಅದನ್ನು ನಿಭಾಯಿಸುತ್ತಿದ್ದೇನೆ. ನನಗೆ ಗೊತ್ತಾಗದೆ ಇರುವುದು ಇಲ್ಲಿಯ ಜನರ ಜೊತೆ ಒಡನಾಟ ಹೇಗೆ ಅನ್ನೋದು.

ಲ್ಯಾಬ್‌ನಲ್ಲಿ ನನ್ನ ಪಕ್ಕ ಒಬ್ಬ ಹುಡುಗಿ ಕೂರುತ್ತಾಳೆ. ಎರಡು ಗಂಟೆ ಚೆನ್ನಾಗಿ ಮಾತಾಡುತ್ತಾಳೆ, ನಗುತ್ತಾಳೆ, ನನಗೆ ಅರ್ಥವಾಗದ್ದನ್ನು ಬಿಡಿಸಿ ಹೇಳಿಕೊಡುತ್ತಾಳೆ. ಲ್ಯಾಬ್ ಮುಗಿದ ತಕ್ಷಣ ಬ್ಯಾಗ್ ಹಾಕಿಕೊಂಡು "ಚೂಸ್" ಅಂತ ಹೊರಟೇಬಿಡುತ್ತಾಳೆ. ಮುಂದಿನ ವಾರವೂ ಅಷ್ಟೇ. ಹಾಸ್ಟೆಲ್‌ನಲ್ಲಿ ನಾವು ಮೂವರಿಗೆ ಒಂದು ಅಡುಗೆಮನೆ, ಆದರೆ ಎಲ್ಲರ ರೂಮಿನ ಬಾಗಿಲೂ ಸದಾ ಮುಚ್ಚಿರುತ್ತದೆ. ಡಿಸೆಂಬರ್ ಬಂತು, ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ. ಆ ದಿನ ಕಳೆಯುವುದು ತುಂಬಾ ಕಷ್ಟ.

ಭಾರತದ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿದ್ದೇನೆ. ಒಳ್ಳೆಯವರು. ಆದರೆ ಅದರಲ್ಲೇ ಇದ್ದುಬಿಟ್ಟರೆ ಈ ದೇಶಕ್ಕೆ ಬಂದೂ ಬರದಂತೆ ಆಗುತ್ತದಲ್ಲ ಅನ್ನಿಸುತ್ತದೆ. ನಾನು ಕುಡಿಯುವುದಿಲ್ಲ. ಜರ್ಮನ್ ಎ2 ಮಟ್ಟದ್ದು, ಅಂದರೆ ಇನ್ನೂ ಆರಂಭದ ಹಂತ. ಎಲ್ಲಿಂದ ಶುರು ಮಾಡಲಿ?

ಉತ್ತರ 1

ತಂಗಿ, ನಾನೂ ಡ್ರೆಸ್ಡೆನ್‌ನಲ್ಲೇ ಓದಿದವಳು. ಈಗ ಇಲ್ಲೇ ಕೆಲಸದಲ್ಲಿದ್ದೇನೆ. ಮೊದಲು ಒಂದು ಮಾತು: ಆ ಲ್ಯಾಬ್ ಹುಡುಗಿಗೆ ನೀವು ಬೇಡ ಅಂತೇನೂ ಇಲ್ಲ. ಇಲ್ಲಿ ಲ್ಯಾಬ್ ಗೆಳತಿ ಲ್ಯಾಬ್‌ಗೆ, ಆಟದ ಗೆಳೆಯರು ಆಟಕ್ಕೆ. ಒಂದರಿಂದ ಇನ್ನೊಂದಕ್ಕೆ ತಾನಾಗಿಯೇ ದಾಟುವುದಿಲ್ಲ. ಯಾರಾದರೂ ದಾಟಿಸಬೇಕು.

ನಾನು ಇಲ್ಲಿದ್ದು ಕಂಡುಕೊಂಡದ್ದು ಇಷ್ಟು. ಇಲ್ಲಿ ಮಾತಿನಿಂದ ಸ್ನೇಹ ಬೆಳೆಯುವುದು ಕಡಿಮೆ. ಪ್ರತಿ ವಾರ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಅದೇ ಜನರ ಜೊತೆ ಏನಾದರೂ ಕೆಲಸ ಮಾಡಿದರೆ ಬೆಳೆಯುತ್ತದೆ. ಅದಕ್ಕೇ ಈ ದೇಶದಲ್ಲಿ ಎಲ್ಲದಕ್ಕೂ ಒಂದು ಫೆರಾಯ್ನ್ ಇದೆ, ಅಂದರೆ ಸಂಘ. ಹಾಡುವುದಕ್ಕೆ, ಚೆಸ್‌ಗೆ, ದೋಣಿಗೆ, ತೋಟಕ್ಕೆ. ಏಳು ಜನ ಸೇರಿದರೆ ಒಂದನ್ನು ರಿಜಿಸ್ಟರ್ ಮಾಡಿಸಬಹುದು.

ನೀವು ಡ್ರೆಸ್ಡೆನ್‌ನಲ್ಲಿ ಇರುವುದೇ ಒಳ್ಳೆಯದಾಯಿತು. ಇಲ್ಲಿಯ ಹಾಸ್ಟೆಲ್‌ಗಳಲ್ಲಿ ಸ್ಟುಡೆಂಟ್ ಕ್ಲಬ್‌ಗಳಿವೆ, ಅಂದರೆ ಸಂಜೆ ತೆರೆಯುವ ಬಾರ್ ಥರದ ಜಾಗಗಳು. ವಿದ್ಯಾರ್ಥಿಗಳೇ ಸಂಬಳವಿಲ್ಲದೆ ನಡೆಸುತ್ತಾರೆ. ನಾನು ಅಂಥದ್ದೊಂದಕ್ಕೆ ಸೇರಿಕೊಂಡೆ. ನಾನೂ ಕುಡಿಯುವುದಿಲ್ಲ. ಯಾರೂ ಯಾಕೆ ಅಂತ ಕೇಳಲಿಲ್ಲ. ಅವರಿಗೆ ಬೇಕಾಗಿದ್ದು ಕೌಂಟರ್ ಹಿಂದೆ ನಿಲ್ಲಲು, ಲೋಟ ತೊಳೆಯಲು, ಕುರ್ಚಿ ಜೋಡಿಸಲು ಒಬ್ಬರು.

ನನಗೆ ಸಿಕ್ಕಿದ್ದು ಖಾಲಿ ಬಾಟಲಿ ಕೆಲಸ. ಬಾಟಲಿಗೆ ಪ್ಫಾಂಡ್ ಇರುತ್ತದಲ್ಲ, ವಾಪಸ್ ಕೊಟ್ಟರೆ ಸಿಗುವ ಠೇವಣಿ. ಗಾಜಿನ ಬಿಯರ್ ಬಾಟಲಿಗೆ 8 ಸೆಂಟ್, ಒಂದೇ ಸಲ ಬಳಸುವ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್. ರಾತ್ರಿ ಮುಚ್ಚಿದ ಮೇಲೆ ಅವನ್ನು ಬೇರೆ ಮಾಡಿ ಕ್ರೇಟ್‌ಗೆ ತುಂಬಿ ನೆಲಮಾಳಿಗೆಗೆ ಇಳಿಸಬೇಕು. ಕ್ರೇಟ್‌ನ ಒಂದು ಹಿಡಿ ನನ್ನ ಕೈಯಲ್ಲಿ, ಇನ್ನೊಂದು ಹಿಡಿ ಫಿಸಿಕ್ಸ್ ಓದುತ್ತಿದ್ದ ಒಬ್ಬಳ ಕೈಯಲ್ಲಿ. ಮೆಟ್ಟಿಲು ಕಿರಿದು. ಅವಳು ಹಿಮ್ಮುಖವಾಗಿ ಇಳಿಯುತ್ತಾ "ಇನ್ನೊಂದು, ಇನ್ನೊಂದು, ಇದೇ ಕೊನೇದು" ಅಂತ ಜರ್ಮನ್‌ನಲ್ಲಿ ಎಣಿಸುತ್ತಿದ್ದಳು. ನನ್ನ ಜರ್ಮನ್‌ಗೆ ಅಷ್ಟು ಸಾಕಾಗಿತ್ತು. ಬೇರೆ ಮಾತೇ ಇರುತ್ತಿರಲಿಲ್ಲ. ಕೆಲವು ವಾರ ಹೀಗೇ ನಡೆದ ಮೇಲೆ ಒಂದು ರಾತ್ರಿ ಕೈ ಒರೆಸಿಕೊಳ್ಳುತ್ತಾ ಅವಳೇ ಕೇಳಿದಳು, "ಶನಿವಾರ ನಡೆಯಲು ಹೋಗುತ್ತಿದ್ದೇವೆ, ಬರುತ್ತೀಯಾ?"

ಹೋದೆವು. ಎಸ್1 ರೈಲಿನಲ್ಲಿ ರಾಥೆನ್, ಅಲ್ಲಿಂದ ದೋಣಿಯಲ್ಲಿ ಎಲ್ಬೆ ನದಿ ದಾಟಿ ಬಾಸ್ಟೈ ಬಂಡೆಗಳ ಕಡೆಗೆ. ಆ ದೋಣಿಗೆ ಎಂಜಿನ್ ಬೇಕಿಲ್ಲ, ತಂತಿಗೆ ಕಟ್ಟಿರುತ್ತಾರೆ, ಹೊಳೆಯ ಸೆಳೆತವೇ ಆಚೆ ದಡಕ್ಕೆ ಒಯ್ಯುತ್ತದೆ. ಮೇಲೆ ಬಂಡೆಗಳ ನಡುವೆ 1851ರಲ್ಲಿ ಕಟ್ಟಿದ ಕಲ್ಲಿನ ಸೇತುವೆ ಇದೆ. ನೀವು ಇನ್ನೂ ನೋಡಿಲ್ಲದಿದ್ದರೆ ದಯವಿಟ್ಟು ಹೋಗಿ, ಚಳಿಗಾಲದಲ್ಲೂ ಚೆಂದ. ದಾರಿಯುದ್ದಕ್ಕೂ ಅವಳು ತನ್ನ ಅಜ್ಜಿಯ ವಿಷಯ ಹೇಳಿದಳು, ನಾನು ನನ್ನ ತಮ್ಮನ ವಿಷಯ ಹೇಳಿದೆ. ಅಷ್ಟು ದಿನ ಕ್ರೇಟ್ ಹೊತ್ತಿರದಿದ್ದರೆ ಆ ಮಾತು ಬರುತ್ತಲೇ ಇರಲಿಲ್ಲ ಅಂತ ನಾನು ಇವತ್ತಿಗೂ ನಂಬುತ್ತೇನೆ. ಈಗಲೂ ನನಗೆ ಏನಾದರೂ ಆದರೆ ಮೊದಲು ಫೋನ್ ಮಾಡುವುದು ಅವಳಿಗೇ.

ಕ್ಲಬ್‌ನ ಗದ್ದಲ ಬೇಡ ಅನ್ನಿಸಿದರೆ ಯೂನಿವರ್ಸಿಟಿಯಲ್ಲಿ ಕೀನೋ ಇಮ್ ಕಾಸ್ಟನ್ ಅಂತ ವಿದ್ಯಾರ್ಥಿಗಳೇ ನಡೆಸುವ ಸಿನಿಮಾ ಇದೆ. ಲೆಕ್ಚರ್ ಹಾಲ್‌ನಲ್ಲೇ ಪರದೆ. ಅಲ್ಲಿಯೂ ಕೇಳಿನೋಡಿ.

ಲ್ಯಾಬ್ ಹುಡುಗಿಯನ್ನು ನೀವೇ ಕರೆಯಿರಿ. ಆದರೆ "ಒಂದು ದಿನ ಸಿಗೋಣ" ಅನ್ನಬೇಡಿ, ಆ ಒಂದು ದಿನ ಬರುವುದೇ ಇಲ್ಲ. "ಗುರುವಾರ ಲ್ಯಾಬ್ ಆದ ಮೇಲೆ ಮೆನ್ಸಾದಲ್ಲಿ (ಯೂನಿವರ್ಸಿಟಿ ಕ್ಯಾಂಟೀನ್) ಊಟ ಮಾಡೋಣವಾ?" ಅಂತ ದಿನ, ಹೊತ್ತು, ಜಾಗ ಹೇಳಿ ಕೇಳಿ. ಒಂದು ಗಂಟೆಯಲ್ಲಿ ಮುಗಿಯುವ ಊಟವಾದ್ದರಿಂದ ಇಬ್ಬರಿಗೂ ಮುಜುಗರವಿಲ್ಲ. ಈ ವಾರ ಆಗಲ್ಲ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಇಲ್ಲಿಯವರ ಕ್ಯಾಲೆಂಡರ್ ಎರಡು ವಾರ ಮುಂಚೆಯೇ ತುಂಬಿರುತ್ತದೆ. ಬೇರೊಂದು ದಿನವನ್ನು ಅವಳೇ ಹೇಳಿದರೆ ಅದು ನಿಜವಾದ ಒಪ್ಪಿಗೆ.

ಉತ್ತರ 2

ಮೇಲೆ ಅಕ್ಕ ಹೇಳಿದ್ದು ಸರಿ. ನಾನು ಆಖೆನ್‌ನಲ್ಲಿದ್ದೇನೆ, ನನಗೆ ದಾರಿಯಾಗಿದ್ದು ಯೂನಿವರ್ಸಿಟಿಯ ಹೋಖ್‌ಶೂಲ್‌ಸ್ಪೋರ್ಟ್, ಅಂದರೆ ವಿದ್ಯಾರ್ಥಿಗಳಿಗೆ ನಡೆಸುವ ಆಟದ ಕೋರ್ಸ್‌ಗಳು. ಸೆಮಿಸ್ಟರ್ ಶುರುವಿನಲ್ಲಿ ಆನ್‌ಲೈನ್ ನೋಂದಣಿ ತೆರೆಯುತ್ತದೆ, ಜನ ಮುಗಿಬೀಳುವ ಕೋರ್ಸ್‌ಗಳು ಕೆಲವೇ ನಿಮಿಷದಲ್ಲಿ ತುಂಬಿಹೋಗುತ್ತವೆ. ಆ ಹೊತ್ತಿಗೆ ಲ್ಯಾಪ್‌ಟಾಪ್ ಮುಂದೆ ಕೂತಿರಿ. ಜಿಮ್ ಬೇಡ, ಅಲ್ಲಿ ಎಲ್ಲರ ಕಿವಿಯಲ್ಲೂ ಇಯರ್‌ಫೋನ್. ವಾಲಿಬಾಲ್ ಥರ, ಇನ್ನೊಬ್ಬರಿಲ್ಲದೆ ಆಗದ ಆಟ ತಗೊಳ್ಳಿ.

ಒಂದೆರಡು ಸಣ್ಣ ವಿಷಯ. ಹುಟ್ಟುಹಬ್ಬದ ಶುಭಾಶಯ ಹಿಂದಿನ ದಿನವೇ ಹೇಳಬೇಡಿ, ಅದು ಅಶುಭ ಅಂತ ಇಲ್ಲಿ ನಂಬಿಕೆ. ನಿಮ್ಮ ಹುಟ್ಟುಹಬ್ಬಕ್ಕೆ ಕೇಕ್ ನೀವೇ ತರಬೇಕು. ಅದನ್ನು ಲ್ಯಾಬ್‌ಗೆ ತಗೊಂಡು ಹೋಗಿ, ಮಾತು ತಾನಾಗಿ ಶುರುವಾಗುತ್ತದೆ. ಹೋಟೆಲ್‌ನಲ್ಲಿ ಬಿಲ್ ಒಟ್ಟಿಗೋ ಬೇರೆ ಬೇರೆಯೋ ಅಂತ ಕೇಳುತ್ತಾರೆ. ಅವರವರದು ಅವರವರು ಕೊಡುವುದೇ ಇಲ್ಲಿ ಸಹಜ.

ಒಂದು ವಿಷಯ ಮಾತ್ರ ಒಪ್ಪುವುದಿಲ್ಲ. ಭಾರತದವರ ಗುಂಪಿನಲ್ಲಿರುವುದಕ್ಕೆ ನೀವು ಯಾಕೆ ಹಿಂಜರಿಯಬೇಕು? ಹೋದ ಚಳಿಗಾಲ ನನಗೆ ಜ್ವರ ಬಂದು ಎದ್ದೇಳಲು ಆಗದಿದ್ದಾಗ, ಬಾಗಿಲ ಹೊರಗೆ ಬಿಸಿ ಗಂಜಿ ಇಟ್ಟು ಹೋದವರು ಆ ಗುಂಪಿನವರೇ. ಅವರನ್ನು ಬಿಟ್ಟು ಇವರನ್ನು ಹಿಡಿಯಬೇಕು ಅಂತ ಲೆಕ್ಕ ಹಾಕಬೇಡಿ. ಎರಡಕ್ಕೂ ಜಾಗ ಇದೆ.

ಉತ್ತರ 3

ಅಡುಗೆಮನೆಯ ಬಗ್ಗೆ ಯಾರೂ ಹೇಳಲಿಲ್ಲ. ಬಾಗಿಲು ಮುಚ್ಚಿರುವುದು ಇಲ್ಲಿ ಅಭ್ಯಾಸ. ಬರಬೇಡಿ ಅಂತ ಅರ್ಥವಲ್ಲ. ತಟ್ಟಿ. "ಭಾನುವಾರ ಆರಕ್ಕೆ ಅಡುಗೆ ಮಾಡುತ್ತೇನೆ, ಮೂವರೂ ತಿನ್ನೋಣ" ಅಂತ ಫ್ರಿಜ್ ಮೇಲೆ ಚೀಟಿ ಅಂಟಿಸಿದರೂ ಆಗುತ್ತದೆ. ರಾತ್ರಿ ಹತ್ತರ ಮೇಲೆ ಸದ್ದು ಬೇಡ, ಅದು ಸದ್ದಿಲ್ಲದೆ ಇರಬೇಕಾದ ಹೊತ್ತು. ಭಾನುವಾರ ಇಡೀ ದಿನವೂ ಹಾಗೇ.

ಈ ಕತ್ತಲೆಗೆ ಮನಸ್ಸು ತೀರಾ ಕುಗ್ಗಿದರೆ ಸುಮ್ನೆ ಸಹಿಸಿಕೊಂಡು ಇರಬೇಡಿ. ಮೆನ್ಸಾ, ಹಾಸ್ಟೆಲ್ ನೋಡಿಕೊಳ್ಳುವ ಷ್ಟುಡೀರೆಂಡನ್‌ವೆರ್ಕ್‌ನಲ್ಲೇ ಆಪ್ತಸಲಹೆಗಾರರೂ ಇರುತ್ತಾರೆ. ನಾನು ಹೋಗಿದ್ದೇನೆ. ಅದರಿಂದ ಒಳ್ಳೆಯದೇ ಆಯಿತು.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್. ಚೀಟಿ ಈಗಲೇ ಅಂಟಿಸಿ ಬಂದೆ. ಅಕ್ಕಾ, ಕ್ಲಬ್‌ಗೆ ಹೋಗಿ ಏನಂತ ಕೇಳಬೇಕು? ಒಬ್ಬಳೇ ಹೋಗಿ ನಿಲ್ಲಲು ಸಂಕೋಚ. ಫೆಬ್ರವರಿಯಲ್ಲಿ ಪರೀಕ್ಷೆ ಬೇರೆ ಇದೆ.

ಉತ್ತರ 1

ಜನ ತುಂಬಿದ ಮೇಲೆ ಹೋಗಬೇಡಿ, ಆಗ ಯಾರಿಗೂ ಪುರುಸೊತ್ತಿರುವುದಿಲ್ಲ. ಬಾಗಿಲು ತೆರೆಯುವ ಅರ್ಧ ಗಂಟೆ ಮುಂಚೆ ಹೋಗಿ. ಕುರ್ಚಿ ಇಳಿಸುತ್ತಿರುತ್ತಾರೆ. "ಕಾನ್ ಇಶ್ ಹೆಲ್ಫನ್?" ಅಂದರೆ ಸಾಕು, ಸಹಾಯ ಮಾಡಲಾ ಅಂತ. ಹೇಳಿ ಒಂದು ಕುರ್ಚಿ ಎತ್ತಿಕೊಳ್ಳಿ. ಫೆಬ್ರವರಿಯಲ್ಲಿ ಅವರಿಗೂ ಪರೀಕ್ಷೆ, ಎಲ್ಲರೂ ಲೈಬ್ರರಿಯಲ್ಲೇ ಇರುತ್ತಾರೆ. ಅದಕ್ಕೇ ಕ್ರಿಸ್‌ಮಸ್ ರಜೆಗೆ ಮುಂಚೆ ಮುಖ ಪರಿಚಯ ಆಗಲಿ, ಜನವರಿಯಲ್ಲಿ ವಾರಕ್ಕೊಂದು ಸಂಜೆ ಸಾಕು. ಏಪ್ರಿಲ್‌ನಲ್ಲಿ ಹೊಸ ಸೆಮಿಸ್ಟರ್ ಶುರುವಾದಾಗ ಹೊಸಬರಿಗೆ ಕ್ರೇಟ್ ಎಲ್ಲಿಡಬೇಕು ಅಂತ ನೀವೇ ತೋರಿಸುತ್ತೀರಿ.

ಮೊದಲ ಸಲ ಒಬ್ಬಳೇ ಹೋಗುವುದು ಬೇಡ ಅನ್ನಿಸಿದರೆ ನನಗೆ ಮೆಸೇಜ್ ಮಾಡಿ. ಬುಧವಾರ ಸಂಜೆ ನಾನು ಖಾಲಿ ಇರುತ್ತೇನೆ, ಜೊತೆಗೆ ಬರುತ್ತೇನೆ.