ರೋಬೋಟ್ ಪಾಠದ ‘ವೇಯ್ಟ್ ಅನ್‌ಟಿಲ್’: ‘ಇರುವ ತನಕ’, ‘ಆಗುವ ತನಕ’, ಯಾವುದು ಸರಿ?

ಎಲ್ಲರಿಗೂ ನಮಸ್ಕಾರ.

ಕನ್ನಡ ಮಾಧ್ಯಮದ ಆರು, ಏಳನೇ ತರಗತಿ ಮಕ್ಕಳಿಗೆ ರೋಬೋಟ್ ಪಾಠದ ಹಾಳೆಗಳನ್ನು ಬರೆಯುತ್ತಿದ್ದೇನೆ. ಲೆಗೋ ಸ್ಪೈಕ್ ಪ್ರೈಮ್ ಅನ್ನುವ ರೋಬೋಟ್ ಕಟ್ಟುವ ಕಿಟ್. ಪ್ರೋಗ್ರಾಂ ಬರೆಯಲು ಸ್ಕ್ರ್ಯಾಚ್ ಥರದ ಬ್ಲಾಕ್‌ಗಳು, ಅಂದರೆ ಪರದೆಯ ಮೇಲೆ ಒಂದರ ಕೆಳಗೊಂದು ಜೋಡಿಸುವ ಆಜ್ಞೆಯ ತುಂಡುಗಳು. ಬ್ಲಾಕ್ ಮೇಲಿನ ಮಾತು ಹಾಳೆಯಲ್ಲಿ ಕನ್ನಡದಲ್ಲೇ ಇರಬೇಕು ಅಂತ ನನ್ನಾಸೆ. ಮಿಕ್ಕವೆಲ್ಲ ಕೂತವು. ಕಾಯಲು ಹೇಳುವ ‘ವೇಯ್ಟ್’ ಮಾತ್ರ ಕೂರುತ್ತಿಲ್ಲ.

ಮೊದಲು ಆ ಬ್ಲಾಕ್‌ನ ಕೆಲಸ ಹೇಳಿಬಿಡುತ್ತೇನೆ. ಪದ ಅದಕ್ಕೆ ಹೊಂದಬೇಕಲ್ವಾ? ಮೇಲೆ ‘ಓಡಲು ಶುರು ಮಾಡು’, ಅದರ ಕೆಳಗೆ ‘2 ಸೆಕೆಂಡ್ ವೇಯ್ಟ್’, ಕೊನೆಗೆ ‘ನಿಲ್ಲು’. ಇಷ್ಟು ಜೋಡಿಸಿದರೆ ರೋಬೋಟ್ 2 ಸೆಕೆಂಡ್ ಓಡಿ ನಿಲ್ಲುತ್ತದೆ. ನಡುವಿನದನ್ನು ತೆಗೆದುಬಿಟ್ಟರೆ ಶುರು ಅಂದ ಕೂಡಲೇ ನಿಲ್ಲು ಅಂದ ಹಾಗಾಗುತ್ತದೆ, ರೋಬೋಟ್ ಕದಲಿದ್ದೇ ಗೊತ್ತಾಗುವುದಿಲ್ಲ. ಅಂದರೆ ಕಾಯುವುದು ಪ್ರೋಗ್ರಾಂ, ಚಕ್ರ ಅಲ್ಲ. ಚಕ್ರ ತಿರುಗುತ್ತಲೇ ಇರುತ್ತದೆ. ಮಕ್ಕಳು ಎಡವುವುದು ಇಲ್ಲೇ. ‘ವೇಯ್ಟ್’ ಹಾಕಿದರೆ ರೋಬೋಟ್ ಅಲ್ಲೇ ನಿಂತುಬಿಡುತ್ತದೆ ಅಂದುಕೊಳ್ಳುತ್ತಾರೆ.

ಹಾಗಾಗಿ ‘ನಿಲ್ಲು’ ಬೇಡ. ಧಾರವಾಡದ ಕಡೆಯ ‘ನಿಂದ್ರು’ ಕೂಡ ಇಲ್ಲಿ ದಾರಿ ತಪ್ಪಿಸುತ್ತದೆ. ‘ವಿರಾಮ’ ಅಂದರೆ ಊಟದ ವಿರಾಮವೇ ಮಕ್ಕಳಿಗೆ ನೆನಪಾಗುವುದು, ಅಲ್ಲಿ ಎಲ್ಲ ಕೆಲಸವೂ ನಿಂತಿರುತ್ತದೆ. ‘ತಡಿ’ ನನಗೆ ತುಂಬಾ ಇಷ್ಟದ ಪದ, ದಿನಾ ಬಾಯಲ್ಲಿ ಬರುವಂಥದ್ದು. ಆದರೆ ಬರೆಯುವಾಗ ಅದು ‘ತಡೆ’ ಆಗುತ್ತದೆ. ರೋಬೋಟ್ ಮುಂದೆ ಅಡ್ಡ ಇಟ್ಟ ಡಬ್ಬಿಗೂ ಹಾಳೆಯಲ್ಲಿ ‘ತಡೆ’ ಅಂತಲೇ ಬರೆದಿದ್ದೇವೆ. ಎರಡೂ ಒಂದೇ ಪುಟದಲ್ಲಿ ಬಂದರೆ ಕಷ್ಟ. ‘ತಾಳು’ ಅಂದರೆ ಯಾರಿಗೋ ಸಮಾಧಾನ ಹೇಳಿದ ಹಾಗೆ ಕೇಳುತ್ತದೆ. ಕೊನೆಗೆ ‘ಕಾಯಿ’ ಉಳಿಯಿತು. ಬರೀ ‘ಕಾಯಿ’ ಅಂತ ಬರೆದರೆ ತೆಂಗಿನಕಾಯಿ ನೆನಪಾಗಬಹುದು, ‘2 ಸೆಕೆಂಡ್ ಕಾಯಿ’ ಅಂದಾಗ ಆ ಗೊಂದಲ ಇಲ್ಲ.

ಇನ್ನೊಂದು ದಾರಿಯೂ ಹೊಳೆದಿದೆ. ‘ಐದು ನಿಮಿಷ ಬಿಟ್ಟು ಬಾ’ ಅನ್ನುತ್ತೇವಲ್ಲ, ಹಾಗೆ ‘2 ಸೆಕೆಂಡ್ ಬಿಟ್ಟು’ ಅಂತ ಬರೆದು ಕೆಳಗಿನ ಬ್ಲಾಕ್‌ಗೆ ಸೇರಿಸಿ ಓದಿಸುವುದು. ‘ಓಡಲು ಶುರು ಮಾಡು, 2 ಸೆಕೆಂಡ್ ಬಿಟ್ಟು, ನಿಲ್ಲು.’ ಚಕ್ರ ನಿಂತಿತು ಅನ್ನುವ ಅನುಮಾನವೇ ಇದರಲ್ಲಿ ಬರುವುದಿಲ್ಲ. ಆದರೆ ಕೆಳಗೆ ಯಾವ ಬ್ಲಾಕೂ ಇಲ್ಲದಿದ್ದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಮೈಕ್ರೋಬಿಟ್ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್‌ಗೆ ಪ್ರೋಗ್ರಾಂ ಬರೆಯುವ ಮೇಕ್‌ಕೋಡ್‌ನಲ್ಲಿ ಇದೇ ಕೆಲಸಕ್ಕೆ ‘ಪಾಜ್’ (pause) ಅಂತಿದೆ, ಲೆಕ್ಕ ಮಿಲಿಸೆಕೆಂಡ್‌ನಲ್ಲಿ. 1 ಸೆಕೆಂಡ್‌ಗೆ 1000 ಹಾಕಬೇಕು. ಅಲ್ಲಿ ಏನೇ ಪದ ಇಟ್ಟರೂ ‘ಮಿಲಿಸೆಕೆಂಡ್’ ಪೂರ್ತಿ ಬರೆಯುವುದು ಒಳ್ಳೆಯದು.

ನನ್ನ ನಿಜವಾದ ತೊಡಕು ‘ವೇಯ್ಟ್ ಅನ್‌ಟಿಲ್’, ಅಂದರೆ ಇಷ್ಟು ಸೆಕೆಂಡ್ ಅನ್ನದೆ, ಹೇಳಿದ್ದು ನಡೆಯುವ ತನಕ ಕಾಯಿಸುವ ಬ್ಲಾಕ್. ಲೆಗೋದ ಹಳೆಯ ಇವಿ3 ರೋಬೋಟ್ ಕಿಟ್‌ನಲ್ಲಿ ಈ ಬ್ಲಾಕ್ ಮೇಲೆ ಮರಳು ಗಡಿಯಾರದ ಚಿತ್ರ ಇತ್ತು, ಪದದ ಗೊಡವೆ ಇರಲಿಲ್ಲ. ಈಗ ಬ್ಲಾಕ್ ಮೇಲೆ ಮಾತಿದೆ, ನಡುವೆ ಆರು ಮೂಲೆಯ ಖಾಲಿ ಜಾಗ ಇದೆ. ಅದರೊಳಗೆ ಸೆನ್ಸರ್‌ನ (ಬಣ್ಣ, ದೂರ, ಬಟನ್ ಒತ್ತಿದ್ದು ಇಂಥದ್ದನ್ನು ಗುರುತಿಸುವ ಭಾಗದ) ಬ್ಲಾಕ್ ಕೂರಿಸಬೇಕು. ನೆಲದ ಮೇಲೆ ಕಪ್ಪು ಪಟ್ಟಿ ಇದೆ, ರೋಬೋಟ್ ಬಿಳಿ ನೆಲದಲ್ಲಿ ಓಡುತ್ತಾ ಬಂದು ಪಟ್ಟಿ ಕಂಡ ಕೂಡಲೇ ನಿಲ್ಲಬೇಕು ಅಂತಿಟ್ಟುಕೊಳ್ಳಿ. ಸೆನ್ಸರ್ ಬ್ಲಾಕ್‌ನಲ್ಲಿ ‘ಬಣ್ಣ ಕಪ್ಪು ಇದೆ’ ಅಂತಿದೆ. ಅದನ್ನು ‘ತನಕ ಕಾಯಿ’ಗೆ ಸೇರಿಸಿ ಓದುವ ಮಗುವಿನ ಬಾಯಲ್ಲಿ ಸಹಜವಾಗಿ ಬರುವುದು ‘ಬಣ್ಣ ಕಪ್ಪು ಇರುವ ತನಕ ಕಾಯಿ’. ಅರ್ಥ ಪೂರಾ ಉಲ್ಟಾ! ‘ಮಳೆ ಬರುವ ತನಕ ಕಾಯಿ’ ಅಂದರೆ ಮಳೆ ಶುರುವಾಗಲಿ ಅಂತ. ‘ಮಳೆ ಇರುವ ತನಕ ಕಾಯಿ’ ಅಂದರೆ ಮಳೆ ನಿಲ್ಲಲಿ ಅಂತ. ‘ಬಟನ್ ಒತ್ತುವ ತನಕ’, ‘ಬಟನ್ ಒತ್ತಿರುವ ತನಕ’ ನಡುವೆಯೂ ಇದೇ ಅಂತರ. ರೋಬೋಟ್‌ಗೆ ಬೇಕಾದದ್ದು ಮೊದಲನೆಯದು.

‘ಆಗುವ ತನಕ ಕಾಯಿ’ ಅಂತ ಹೊರಗಿನ ಬ್ಲಾಕ್ ಮೇಲೇ ಬರೆದರೆ ಅರ್ಧ ಕೆಲಸ ಆಗುತ್ತದೆ. ‘ದೂರ 15 ಸೆಂಟಿಮೀಟರ್‌ಗಿಂತ ಕಡಿಮೆ ಆಗುವ ತನಕ ಕಾಯಿ’, ಇದು ಚೆನ್ನಾಗಿದೆ. ‘ಬಣ್ಣ ಕಪ್ಪು ಆಗುವ ತನಕ ಕಾಯಿ’, ಇದೂ ಪರವಾಗಿಲ್ಲ. ‘ಬಟನ್ ಒತ್ತಿದೆ ಆಗುವ ತನಕ ಕಾಯಿ’, ಇದು ಕನ್ನಡವೇ ಅಲ್ಲ. ‘ಒತ್ತಿದೆ ಅನ್ನುವುದು ನಿಜವಾಗುವ ತನಕ’ ಅಂದರೆ ಅರ್ಥ ಸರಿ, ಆದರೆ ಹನ್ನೊಂದು ವರ್ಷದ ಮಗುವಿಗೆ ಭಾರ ಜಾಸ್ತಿ. ಮೇಲಾಗಿ ಅದೇ ಸೆನ್ಸರ್ ಬ್ಲಾಕ್ ‘ಆಗಿದ್ದರೆ’ ಅನ್ನುವ ಬ್ಲಾಕ್‌ನೊಳಗೂ ಕೂರಬೇಕು. ಅದಕ್ಕೇ ಸೆನ್ಸರ್ ಬ್ಲಾಕ್‌ನಿಂದ ‘ಇದೆ’ಯನ್ನು ತೆಗೆದು ‘ಬಣ್ಣ ಕಪ್ಪು’, ‘ಬಟನ್ ಒತ್ತಿದ ಸ್ಥಿತಿ’ ಅಂತ ಬರೆಯುವ ಯೋಚನೆ ಇದೆ. ‘ಸ್ಥಿತಿ’ ಅಷ್ಟು ಹಿಡಿಸುತ್ತಿಲ್ಲ.

ಬಲ್ಲವರು ಎರಡು ವಿಷಯ ತಿಳಿಸಿ. ‘ಕಪ್ಪು ಇರುವ ತನಕ ಕಾಯಿ’ ಅಂದರೆ ‘ಕಪ್ಪು ಸಿಗುವ ತನಕ’ ಅಂತ ಅರ್ಥ ಬರುವ ಸೀಮೆ ಯಾವುದಾದರೂ ಇದೆಯೇ? ಕರಾವಳಿ, ಕಲಬುರಗಿ, ಚಾಮರಾಜನಗರದ ಕಡೆಯವರು ಮನೆಮಾತಿನ ಒಂದೆರಡು ವಾಕ್ಯ ಬರೆದರೆ ಉಪಕಾರ. ಎರಡನೆಯದು, ಬಟನ್, ಬಣ್ಣ, ದೂರ, ಮೂರಕ್ಕೂ ಹೊಂದುವ, ‘ತನಕ’ಕ್ಕೂ ‘ಆಗಿದ್ದರೆ’ಗೂ ಸಲ್ಲುವ ಒಂದೇ ರೂಪ ನಿಮಗೆ ಹೊಳೆಯುತ್ತದೆಯೇ? ಹಾಳೆಗಳು ಇನ್ನೂ ಅಚ್ಚಿಗೆ ಹೋಗಿಲ್ಲ.