ಅಪ್‌ಡೇಟ್: 8 ವ್ಯಾಟ್ ಟ್ಯೂಬ್ ಆಂಪ್‌ಗೆ ಕೊನೆಗೂ ಜೋಡಿ ಸಿಕ್ಕಿತು

ನನ್ನ 8 ವ್ಯಾಟ್‌ನ 300ಬಿ ಸಿಂಗಲ್ ಎಂಡೆಡ್ ಆಂಪ್‌ಗೆ (300ಬಿ ಎಂಬ ಟ್ಯೂಬ್ ಬಳಸುವ, ಕಡಿಮೆ ಪವರ್‌ನ ಆಂಪ್ಲಿಫೈಯರ್) ಯಾವ ದೊಡ್ಡ ಸ್ಪೀಕರ್ ಹೊಂದುತ್ತದೆ ಎಂದು ಮೂರು ತಿಂಗಳ ಹಿಂದೆ ಇಲ್ಲಿ ಕೇಳಿದ್ದೆ. "ಮೊದಲು ಸೆನ್ಸಿಟಿವಿಟಿ (ಅಷ್ಟೇ ಪವರ್‌ಗೆ ಸ್ಪೀಕರ್ ಎಷ್ಟು ಜೋರಾಗಿ ಕೇಳುತ್ತದೆ ಎಂಬ ಲೆಕ್ಕ) ನೋಡಿ" ಎಂದವರಿಗೆಲ್ಲ ಮನಸಾರೆ ಧನ್ಯವಾದ.

ನಾನು ಆಸೆಪಟ್ಟಿದ್ದ ಟವರ್ ಸ್ಪೀಕರ್‌ನ ಸೆನ್ಸಿಟಿವಿಟಿ 87 ಡೆಸಿಬಲ್. ತಂದಿದ್ದು ಕ್ಲಿಪ್ಶ್ ಕಾರ್ನ್‌ವಾಲ್ 4. ಇದಕ್ಕೆ ಕಂಪನಿ ಹೇಳುವ ಲೆಕ್ಕ 102 ಡೆಸಿಬಲ್. ಸೆನ್ಸಿಟಿವಿಟಿ 3 ಡೆಸಿಬಲ್ ಇಳಿದಾಗಲೆಲ್ಲ ಅದೇ ಸದ್ದಿಗೆ ಪವರ್ ದುಪ್ಪಟ್ಟು ಬೇಕು. ಅಂದರೆ ಇದರಲ್ಲಿ 8 ವ್ಯಾಟ್ ಕೊಡುವ ಸದ್ದಿಗೆ ಆ ಟವರ್‌ಗೆ ಸುಮಾರು 250 ವ್ಯಾಟ್ ಸುರಿಯಬೇಕಿತ್ತು!

ಮೊದಲ ವಾರ ಬೇಸರವಾಯಿತು, ಬೇಸ್ ಗುಂಯ್‌ಗುಡುತ್ತಿತ್ತು. ಮೂಲೆಯಿಂದ ಎರಡಡಿ ಈಚೆಗೆ ಎಳೆದೆ (ಒಂದೊಂದೂ ಸುಮಾರು 45 ಕೆಜಿ ಇದೆ, ತಮ್ಮ ಕೈಜೋಡಿಸಿದ). ಆಮೇಲೆ ನಿಮ್ಮಲ್ಲೊಬ್ಬರು ಹೇಳಿದಂತೆ ಆಂಪ್ ಆಫ್ ಮಾಡಿ, ಸ್ಪೀಕರ್ ವೈರನ್ನು ಆಂಪ್‌ನ 8 ಓಮ್ ಟ್ಯಾಪ್‌ನಿಂದ (ವೈರ್ ಸಿಕ್ಕಿಸುವ ಜಾಗ) 4 ಓಮ್ ಟ್ಯಾಪ್‌ಗೆ ಬದಲಿಸಿದೆ. ಸದ್ದು ತುಸು ಇಳಿಯಿತು, ಆದರೆ ಮೃದಂಗದ ಎಡಗಡೆಯ ಗುಂಕಿ ಬಿಗಿಯಾಗಿ, ಬಿಡಿಯಾಗಿ ಕೇಳತೊಡಗಿತು. ನನಗೆ ಬೇಕಿದ್ದುದು ಅದೇ.

ಒಂದು ಎಚ್ಚರಿಕೆ: ಇಷ್ಟು ಸೂಕ್ಷ್ಮ ಸ್ಪೀಕರ್‌ನಲ್ಲಿ ಆಂಪ್‌ನ ಹಮ್ (ಕರೆಂಟ್‌ನಿಂದ ಬರುವ ಸಣ್ಣ ಗುಂಯ್ ಸದ್ದು) ಕೂಡ ಕೇಳಿಸುತ್ತದೆ. ನನ್ನದರಲ್ಲಿ ಹಮ್ ಪಾಟ್ (ಆ ಸದ್ದನ್ನು ತಗ್ಗಿಸುವ ತಿರುಪು) ತಿರುಗಿಸಿದ ಮೇಲೆ ಕುಳಿತ ಜಾಗಕ್ಕೆ ಏನೂ ಕೇಳುತ್ತಿಲ್ಲ.