ಈ ವಾರದ ಸಮಸ್ಯೆ: ಯಾವ ಕಾಳು?

ರಾಯರು: ಈ ವಾರದ ಸಾಲು ಇದು, ಇದೇ ಕೊನೆಯ ಸಾಲಾಗುವ ಹಾಗೆ ಪದ್ಯ ಪೂರಣ ಮಾಡಿ. ಯಾವ ಕಾಳು ಅಂತ ನನ್ನ ಕೇಳಬೇಡಿ.
ಕಾಳನು ಹಾಕಿರಲು ಗಂಡ ನಕ್ಕಳು ಮಡದೀ

ಗೀತಕ್ಕ:
ತಾಳದೆ ಹಸಿವನು ಬಂದಿರೆ
ಮಾಳಿಗೆಗೇ ಪಾರಿವಾಳ ಜೋಡಿಯು ಬೆಳಗೇ
ಬೇಳೆಯ ಡಬ್ಬಿಯ ತೆರೆಯುತ
ಕಾಳನು ಹಾಕಿರಲು ಗಂಡ ನಕ್ಕಳು ಮಡದೀ

ಪಡ್ಡೆ ಕವಿ: ಅಕ್ಕಾ, ಚಿಂದಿ!

ಭಟ್ಟರು: ಚಿಂದಿ ಎಂದರೆ ಹರಿದ ಬಟ್ಟೆ. ಹಿರಿಯರ ಪದ್ಯಕ್ಕೆ ಹಾಗೆನ್ನುತ್ತಾರೆಯೇ? ಅದಿರಲಿ, ಬೇಳೆ ಡಬ್ಬಿಯಿಂದ ಕಾಳು ಹೇಗೆ ಬಂತು? ಒಡೆದರೆ ತಾನೇ ಬೇಳೆ?

ಗೀತಕ್ಕ: ಅಡುಗೆಮನೆ ಕಡೆ ಯಾವಾಗಾದ್ರೂ ಹೋಗಿದ್ದೀರಾ ಭಟ್ರೇ? ಅವರೆಕಾಳು ನೆನೆಸಿ ಸಿಪ್ಪೆ ಹಿತುಕಿದರೆ ಹಿತಕಿದ ಬೇಳೆ. ಅದನ್ನ ಯಾರೂ ಒಡೆಯಲ್ಲ.

ಪಡ್ಡೆ ಕವಿ: ವಿ.ವಿ. ಪುರಂ ಅವರೆಬೇಳೆ ದೋಸೆ ನೆನಪಾಯ್ತು. ಇರಲಿ, ನಂದು:
ನಾಳೆಯ ಮ್ಯಾಚಿಗೆ ಟಿಕೆಟಿರೆ
ಬೇಳೆಯ ಸಾರಮೃತವೆಂದು ಹೊಗಳುತ ಸತಿಗೇ
ಹೇಳದೆ ಮನಸಿನ ಗುಟ್ಟನು
ಕಾಳನು ಹಾಕಿರಲು ಗಂಡ ನಕ್ಕಳು ಮಡದೀ

ಭಟ್ಟರು: ‘ನಾಳೆಯ ಮ್ಯಾ’. ಒತ್ತಿನ ಹಿಂದಿನ ‘ಯ’ ಏನಾಯಿತು? ಒಂದು ಮಾತ್ರೆ ಜಾಸ್ತಿ.

ಪಡ್ಡೆ ಕವಿ: ಅದು ಒತ್ತಕ್ಷರ ಅಲ್ಲ ಸಾರ್. ಆ ಸ್ವರಕ್ಕೆ ನಮ್ಮಲ್ಲಿ ಅಕ್ಷರ ಇಲ್ಲ, ಅದಕ್ಕೆ ಹಾಗೆ ಬರೀತೀವಿ. ಬಾಯಲ್ಲಿ ಹೇಳಿ ನೋಡಿ.

ಭಟ್ಟರು: ನಾನು ಮ್ಯಾಚ್ ನೋಡುವುದಿಲ್ಲ.

ಗೀತಕ್ಕ: ಕಿವಿ ಇದೆಯಲ್ಲ? ಹೋದ ಯುಗಾದಿಗೆ ನೀವೇ ‘ಮನೆಯ ಬ್ಯಾಗು’ ಅಂತ ಬರೆದು ‘ಯ’ ಲಘು ಅಂತ ಎಣಿಸಿದ್ರಿ.

ಭಟ್ಟರು: ಅದು ಶಿಥಿಲದ್ವಿತ್ವ. ಒತ್ತನ್ನು ತೇಲಿಸಿ ಹೇಳಿದರೆ ಹಿಂದಿನ ಅಕ್ಷರ ಲಘುವೇ.

ಪಡ್ಡೆ ಕವಿ: ನಿಮ್ಮದಾದ್ರೆ ಶಿಥಿಲದ್ವಿತ್ವ, ನನ್ನದಾದ್ರೆ ಛಂದೋಭಂಗ. ಚೆನ್ನಾಗಿದೆ!

ಭಟ್ಟರು: ‘ಹೇಳದೆ’ಯ ಪ್ರಾಸವೂ ಸರಿಯಿಲ್ಲ. ಮೂಲ ಹಳೆಗನ್ನಡದ ಪೇೞ್. ೞ ಬೇರೆ, ಳ ಬೇರೆ ಎಂದು ಕೇಶಿರಾಜ 13ನೇ ಶತಮಾನದಲ್ಲೇ ಹೇಳಿಟ್ಟಿದ್ದಾನೆ. ಶಬ್ದಮಣಿದರ್ಪಣ ತೆಗೆದು ನೋಡಿ.

ರಾಯರು: ಟಿಕೆಟ್ ಇರೋ ಪದ್ಯಕ್ಕೆ ೞ ಯಾಕೆ ಭಟ್ರೇ? ಎರಡೂ ಪಾಸು.

ಪಡ್ಡೆ ಕವಿ: ಭಟ್ರ ಪೂರಣ ಎಲ್ಲಿ? ಆಗಲಿಂದ ಬರೀ ಕುಯ್ತಾ ಇದ್ದಾರೆ.

ಭಟ್ಟರು: ಏನನ್ನು ಕುಯ್ಯುತ್ತಿದ್ದೇನೆ?

ಗೀತಕ್ಕ: ತರಕಾರಿ ಅಂತೂ ಅಲ್ಲ ಬಿಡಿ.

ರಾಯರು: ಸಾಕು. ಮುಂದಿನ ವಾರಕ್ಕೆ:
ಟೋಪಿಯ ಹಾಕಿದರೆ ಮಾವ ಹಿಗ್ಗಿದನಲ್ತೇ

ಗೀತಕ್ಕ: ಪೇಟ ಹಾಕಿದರೆ ಸನ್ಮಾನ, ಟೋಪಿ ಹಾಕಿದರೆ ಪೊಲೀಸು. ಮಾವ ಯಾಕೆ ಹಿಗ್ಗಿದ?

ಭಟ್ಟರು: ಇದು ಉಣ್ಣೆಯ ಟೋಪಿಯೋ, ಇನ್ನೊಂದೋ?

ಪಡ್ಡೆ ಕವಿ: ಎರಡೂ ಗೊತ್ತು ನಿಮಗೆ. ಸುಮ್ನೆ ಡವ್ ಮಾಡ್ಬೇಡಿ ಸಾರ್.